ಅಪ್‌ಡೇಟ್: ಗ್ರೋಮ್ಯಾಕ್ಸ್ ಬಿಲ್ಡ್ ಎಫ್‌ಎಫ್‌ಟಿಡಬ್ಲ್ಯು ಹಂತದಲ್ಲಿ ನಿಲ್ಲುತ್ತಿದ್ದದ್ದು ಬಗೆಹರಿಯಿತು

ಕ್ಲಸ್ಟರ್‌ನಲ್ಲಿ ಸ್ಲರ್ಮ್ (ಕೆಲಸಗಳನ್ನು ನೋಡ್‌ಗಳಿಗೆ ಹಂಚುವ ವ್ಯವಸ್ಥೆ) ಜಾಬ್ ಒಳಗೆ ಗ್ರೋಮ್ಯಾಕ್ಸ್ (ಅಣುಗಳ ಚಲನೆ ಸಿಮ್ಯುಲೇಟ್ ಮಾಡುವ ಸಾಫ್ಟ್‌ವೇರ್) ಕಂಪೈಲ್ ಮಾಡಿದರೆ ‘ಮೇಕ್’ ಹಂತವು ಎಫ್‌ಎಫ್‌ಟಿಡಬ್ಲ್ಯು (ಫೂರಿಯೇ ಟ್ರಾನ್ಸ್‌ಫಾರ್ಮ್ ಲೆಕ್ಕದ ಲೈಬ್ರರಿ) ಡೌನ್‌ಲೋಡ್‌ನಲ್ಲೇ ನಿಂತುಬಿಡುತ್ತದೆ ಎಂದು ಕೇಳಿದ್ದೆ. ಕಾರಣ ಇಷ್ಟೇ: ಜಾಬ್ ಓಡುವ ಕಂಪ್ಯೂಟ್ ನೋಡ್‌ಗಳಿಗೆ ಇಂಟರ್ನೆಟ್ ಇಲ್ಲ. ‘ಬಿಲ್ಡ್ ಓನ್ ಎಫ್‌ಎಫ್‌ಟಿಡಬ್ಲ್ಯು’ ಆನ್ ಇದ್ದರೆ ಸೋರ್ಸ್ ಇಳಿಯುವುದು ಕಾನ್ಫಿಗರ್ ವೇಳೆಯಲ್ಲ, ಮೇಕ್ ವೇಳೆ. ಹಾಗಾಗಿ ಕಾನ್ಫಿಗರ್ ಮಾಡುವ ಸಿಮೇಕ್ ಸಲೀಸಾಗಿ ಮುಗಿಯುತ್ತದೆ, ಪೆಟ್ಟು ಬೀಳುವುದು ಆಮೇಲೆ.

ಆ ಆಯ್ಕೆಯನ್ನು ಆಫ್ ಮಾಡಿ ಕ್ಲಸ್ಟರ್‌ನ ಎಫ್‌ಎಫ್‌ಟಿಡಬ್ಲ್ಯು ಮಾಡ್ಯೂಲ್ ಲೋಡ್ ಮಾಡಿದರೂ ‘ಲೈಬ್ರರಿ ಸಿಗಲಿಲ್ಲ’ ಎಂದೇ ಬಂತು. ಮಾಡ್ಯೂಲ್‌ನ ಲಿಬ್ ಫೋಲ್ಡರಿನಲ್ಲಿದ್ದದ್ದು ಬರೀ ಡಬಲ್ ಪ್ರಿಸಿಷನ್ನಿನ ಲಿಬ್‌ಎಫ್‌ಎಫ್‌ಟಿಡಬ್ಲ್ಯು3. ಮಿಕ್ಸೆಡ್ ಪ್ರಿಸಿಷನ್ ಗ್ರೋಮ್ಯಾಕ್ಸ್‌ಗೆ ಬೇಕಾದದ್ದು ಹೆಸರಿನ ಕೊನೆಗೆ ‘ಎಫ್’ ಇರುವ ಸಿಂಗಲ್ ಪ್ರಿಸಿಷನ್ ಲೈಬ್ರರಿ. ಎಫ್‌ಎಫ್‌ಟಿಡಬ್ಲ್ಯು ಸೋರ್ಸಿನ ಟಾರ್‌ಬಾಲನ್ನು ಇಂಟರ್ನೆಟ್ ಇರುವ ಲಾಗಿನ್ ನೋಡ್‌ನಲ್ಲಿ ಇಳಿಸಿಕೊಂಡು, ಕಾನ್ಫಿಗರ್‌ಗೆ ‘--ಎನೇಬಲ್-ಫ್ಲೋಟ್ --ಎನೇಬಲ್-ಶೇರ್ಡ್ --ಎನೇಬಲ್-ಎಸ್‌ಎಸ್‌ಇ2 --ಎನೇಬಲ್-ಎವಿಎಕ್ಸ್2’ ಕೊಟ್ಟು ಹೋಮ್ ಡೈರೆಕ್ಟರಿಯಲ್ಲೇ ಇನ್‌ಸ್ಟಾಲ್ ಮಾಡಿ, ಆ ಪಾತನ್ನು ಸಿಮೇಕ್ ಪ್ರಿಫಿಕ್ಸ್ ಪಾತ್‌ಗೆ ಸೇರಿಸಿದ ಮೇಲೆ ಸರಿಹೋಯಿತು. ಹಳೇ ಬಿಲ್ಡ್ ಫೋಲ್ಡರನ್ನು ಪೂರ್ತಿ ಅಳಿಸಿಯೇ ಶುರುಮಾಡಿ. ಸಿಮೇಕ್ ಕ್ಯಾಶ್ ಹಳೇ ಸೆಟ್ಟಿಂಗ್‌ಗಳನ್ನೇ ಹಿಡಿದು ಕೂತಿರುತ್ತದೆ.

ಇನ್ನೊಂದು ವಿಷಯ, ಇದು ಬಿಲ್ಡ್ ಮುಗಿದ ಮೇಲೆ ಕಾಡುವಂಥದ್ದು. ಲಾಗಿನ್ ನೋಡ್ ಇಂಟೆಲ್, ಕಂಪ್ಯೂಟ್ ನೋಡ್ ಎಎಂಡಿ ಝೆನ್ 2 ಆಗಿದ್ದರೆ, ಲಾಗಿನ್‌ನಲ್ಲಿ ಓಡಿಸಿದ ಸಿಮೇಕ್ ಎವಿಎಕ್ಸ್-512 (ಪ್ರೊಸೆಸರಿನ ಒಂದು ಸೂಚನಾ ಗುಂಪು) ಆರಿಸಿಕೊಳ್ಳಬಹುದು. ಝೆನ್ 2ರಲ್ಲಿ ಅದಿಲ್ಲ, ರನ್ ಮಾಡಿದರೆ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’. ಸಿಮ್ಡ್ (ಒಂದೇ ಸೂಚನೆಯಲ್ಲಿ ಹಲವು ಲೆಕ್ಕ ಮಾಡುವ ವಿಧಾನ) ಆಯ್ಕೆಗೆ ಎವಿಎಕ್ಸ್2_256 ಎಂದು ನೀವೇ ಕೊಡಿ.