2026ರ ಎಫ್1 (ಫಾರ್ಮುಲಾ ಒನ್ ಕಾರ್ ರೇಸ್): ಡಿಆರ್‌ಎಸ್ ಇಲ್ಲದೆ ಓವರ್‌ಟೇಕ್ ಹೇಗೆ?

ಉಣಕಲ್ ಹುಡುಗ:
ಮಾರ್ಚ್ 8ಕ್ಕೆ ಮೆಲ್ಬರ್ನ್‌ನಲ್ಲಿ ಮೊದಲ ರೇಸು. ಹುಬ್ಬಳ್ಳಿಯಲ್ಲಿ ಆಗ ಬೆಳಿಗ್ಗೆ ಒಂಬತ್ತೂವರೆ, ಆರಾಮಾಗಿ ಅವಲಕ್ಕಿ ತಿನ್ನುತ್ತಾ ನೋಡಬಹುದು. ಆದರೆ ಈ ಸಲ ಡಿಆರ್‌ಎಸ್, ಅಂದರೆ ಬೆನ್ನಟ್ಟೋ ಕಾರು ಹಿಂದಿನ ರೆಕ್ಕೆ ತೆರೆದು ಗಾಳಿ ತಡೆ ತಗ್ಗಿಸಿ ವೇಗ ಪಡೆಯೋ ವ್ಯವಸ್ಥೆ, ತೆಗೆದಿದ್ದಾರೆ ಅಲ್ವಾ, ಹಾಗಾದರೆ ಮುಂದಿನ ಕಾರನ್ನು ದಾಟೋದು ಹೇಗೆ? ಯಾರಾದರೂ ಬಿಡಿಸಿ ಹೇಳ್ರಿ.

ಗದಗ ಗ್ಯಾರೇಜ್:
ರೆಕ್ಕೆ ತೆರೆಯೋದು ನಿಂತಿಲ್ಲ ರೀ, ಈಗ ಎಲ್ಲರಿಗೂ ಸಿಗುತ್ತೆ. ನೇರ ದಾರಿಯಲ್ಲಿ ಮುಂದಿನದು ಹಿಂದಿನದು ಎರಡೂ ರೆಕ್ಕೆ ಮಲಗುತ್ತವೆ, ತಿರುವು ಬಂದರೆ ಮತ್ತೆ ಎದ್ದು ಕಾರನ್ನು ನೆಲಕ್ಕೆ ಒತ್ತುತ್ತವೆ. ದಾಟೋಕೆ ಬ್ಯಾಟರಿ ಇದೆ. ಮುಂದಿನ ಕಾರಿನಿಂದ ಒಂದು ಸೆಕೆಂಡ್ ಒಳಗಿದ್ದರೆ ಹೆಚ್ಚುವರಿ ಕರೆಂಟ್ ಬಳಸಬಹುದು. ಕರೆಂಟ್ ಮೋಟರ್‌ನ ಶಕ್ತಿ 120 ಕಿಲೋವ್ಯಾಟ್‌ನಿಂದ 350ಕ್ಕೆ ಏರಿದೆ, ಅಂದರೆ ಹೆಚ್ಚುಕಡಿಮೆ ಅರ್ಧ ಶಕ್ತಿ ಕರೆಂಟಿನದೇ. ಎಲ್ಲಿ ಉಳಿಸಬೇಕು, ಎಲ್ಲಿ ಸುರಿಯಬೇಕು ಅನ್ನೋದರಲ್ಲೇ ರೇಸು ಗೆಲ್ಲೋದು, ಸೋಲೋದು.

ಸಾಧನಕೇರಿ ಸ್ಪೀಡ್:
ನನಗೆ ಅದೇ ಬೇಜಾರು. ಚಾಲಕ ಗಾಡಿ ಓಡಿಸಬೇಕೋ, ಬ್ಯಾಟರಿ ಲೆಕ್ಕ ಬರೀಬೇಕೋ? 2014ರಲ್ಲೂ ಎಂಜಿನ್ ನಿಯಮ ಬದಲಾದಾಗ ಮರ್ಸಿಡಿಸ್ ಒಂದೇ ಮುಂದೆ ಓಡಿತು, ಉಳಿದವರೆಲ್ಲ ವರ್ಷಗಟ್ಟಲೆ ಧೂಳು ತಿಂದರು. ಈ ಸಲ ಹಾಗಾಗದಿದ್ದರೆ ಸಾಕು. ಕಾರು 30 ಕಿಲೋ ಹಗುರ ಆಗಿದ್ದು, ಸ್ವಲ್ಪ ಸಣ್ಣದಾಗಿದ್ದು ಮಾತ್ರ ಒಳ್ಳೇದು, ಮೊನಾಕೊದ ಕಿರಿದಾದ ಬೀದಿಗಳಲ್ಲಿ ಆ ದೊಡ್ಡ ಗಾಡಿಗಳನ್ನು ನೋಡೋಕೇ ಆಗ್ತಿರಲಿಲ್ಲ.

ಉಣಕಲ್ ಹುಡುಗ:
ಥ್ಯಾಂಕ್ಸ್ ಅಣ್ಣಾ, ಈಗ ತಿಳೀತು. ನನ್ನ ಕಣ್ಣು ಕ್ಯಾಡಿಲಾಕ್ ಮೇಲೆ. ಈ ಸಲ ಹೊಸದಾಗಿ ಬಂದ ಹನ್ನೊಂದನೇ ತಂಡ, ಅದರ ಚಾಲಕರು ಪೆರೆಜ್, ಬೊಟಾಸ್ ಇಬ್ಬರೂ ಹಳೇ ಹುಲಿಗಳು. ಕೊನೆಯಲ್ಲೇ ಬಂದರೂ ನಾನಂತೂ ಅವರ ಕಡೆ!