ಪದಚರ್ಚೆ: ‘ಪರಂಪರೆಯ ಶಸ್ತ್ರೀಕರಣ’ ಸರಿಯೇ?

‘ಹೆರಿಟೇಜ್ ವೆಪನೈಸೇಶನ್’, ಅಂದರೆ ಹಿಂದಿನವರು ಬಿಟ್ಟುಹೋದ ಗುಡಿ, ಸ್ಮಾರಕಗಳನ್ನೇ ಎದುರಾಳಿಯ ಮೇಲೆ ಆಯುಧದಂತೆ ಬಳಸುವುದು ಎಂಬುದಕ್ಕೆ ಕನ್ನಡದಲ್ಲಿ ಥಟ್ಟನೆ ಹೊಳೆಯುವುದು ‘ಪರಂಪರೆಯ ಶಸ್ತ್ರೀಕರಣ’. ಇದು ಸಲ್ಲದು. ನಿಶ್ಶಸ್ತ್ರೀಕರಣದ ಎದುರುಪದವಾಗಿ ಶಸ್ತ್ರೀಕರಣಕ್ಕೆ ಆಯುಧ ಕೂಡಿಹಾಕುವುದು ಎಂಬ ಅರ್ಥ ಆಗಲೇ ಅಂಟಿದೆ. ಗುಡಿಯೊಳಗೆ ಬಂದೂಕು ತಂದಿಟ್ಟರು ಎಂದೇ ಓದುಗರು ತಿಳಿದಾರು. ಶಸ್ತ್ರ ಕೈಯಲ್ಲಿ ಹಿಡಿದು ಕೊಯ್ಯುವಂಥದು (ಶಸ್ತ್ರಚಿಕಿತ್ಸೆ ನೆನೆಯಿರಿ), ಅಸ್ತ್ರ ದೂರಕ್ಕೆ ಬಿಡುವಂಥದು. ಹಾಗಾಗಿ ‘ಅಸ್ತ್ರವಾಗಿ ಹೂಡು’ ಎಂಬುದು ಮೇಲು.

ಆದರೆ ಸ್ಮಾರಕಕ್ಕೆ ಪೆಟ್ಟು ಬಿದ್ದಲ್ಲೆಲ್ಲ ಈ ಮಾತು ಹೊಂದದು. 1993ರ ನವೆಂಬರ್ 9ರಂದು ಬೋಸ್ನಿಯಾದ ಮೊಸ್ತಾರ್‌ನಲ್ಲಿ ಕ್ರೊವಾಟ್ ಪಡೆಗಳ ಶೆಲ್ ದಾಳಿಗೆ 16ನೇ ಶತಮಾನದ ಕಲ್ಲುಸೇತುವೆ ನದಿಗೆ ಕುಸಿಯಿತು. ಅಲ್ಲಿ ಸೇತುವೆ ‘ಗುರಿ’. ಸೈನಿಕರು ಕೋಟೆಯ ಹಿಂದೆ ಅಡಗಿ ಗುಂಡು ಹಾರಿಸಿದರೆ ಕೋಟೆ ‘ಮರೆ’. ಯುದ್ಧಕಾಲದಲ್ಲಿ ಸ್ಮಾರಕಗಳನ್ನು ಕಾಪಾಡಲೆಂದು ದೇಶಗಳು ಮಾಡಿಕೊಂಡ 1954ರ ಹೇಗ್ ಒಪ್ಪಂದದ 4ನೇ ವಿಧಿ ಈ ಎರಡನ್ನೂ ಬಿಡಿಸಿ ಹೇಳುತ್ತದೆ: ದಾಳಿ ಮಾಡಬಾರದು, ಹಾನಿಗೆ ಒಡ್ಡುವ ರೀತಿಯಲ್ಲಿ ಬಳಸಲೂಬಾರದು. ತೀರಾ ಅನಿವಾರ್ಯವಾದ ಸೈನಿಕ ಅಗತ್ಯಕ್ಕೆ ಮಾತ್ರ ವಿನಾಯಿತಿ. ಅನುವಾದದಲ್ಲಿ ಎರಡನೆಯದು ಬಿಟ್ಟುಹೋದರೆ ಕಟ್ಟಡವನ್ನು ಮರೆಯಾಗಿಸಿಕೊಂಡವನ ತಪ್ಪು ಕಾಣೆಯಾಗುತ್ತದೆ.

ಅಸ್ತ್ರಕ್ಕೆ ತಕ್ಕ ಉದಾಹರಣೆ ಕಾಂಬೋಡಿಯ–ಥಾಯ್ಲೆಂಡ್ ಗಡಿಯ ಬೆಟ್ಟದಂಚಿನಲ್ಲಿರುವ ಪ್ರೇಹ್ ವಿಹಾರ್ ಶಿವಾಲಯ. ಗುಡಿ ಕಾಂಬೋಡಿಯದ ನೆಲದಲ್ಲಿದೆ ಎಂದು 1962ರಲ್ಲೇ ಅಂತರರಾಷ್ಟ್ರೀಯ ನ್ಯಾಯಾಲಯ ತೀರ್ಪಿತ್ತಿತ್ತು. 2008ರ ಜುಲೈನಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ, ಪಟ್ಟಿಗೆ ಒಪ್ಪಿಗೆ ಕೊಟ್ಟಿದ್ದ ತಮ್ಮ ಸರ್ಕಾರದ ಮೇಲೇ ಥಾಯ್ಲೆಂಡಿನ ಸರ್ಕಾರವಿರೋಧಿಗಳು ಗುಡಿಯನ್ನು ಹೂಡಿದರು. ವಿದೇಶಾಂಗ ಸಚಿವರು ರಾಜೀನಾಮೆ ಕೊಟ್ಟರು. ಆ ಹೊತ್ತಿಗೆ ಒಂದು ಕಲ್ಲೂ ಅಲುಗಿರಲಿಲ್ಲ, ಅಸ್ತ್ರವಾಗುವುದೆಂದರೆ ಇದೇ. 2011ರ ಫೆಬ್ರವರಿಯ ಗುಂಡಿನ ಕಾಳಗದಲ್ಲಿ ಗುಡಿಯ ಕಲ್ಲಿಗೇ ಪೆಟ್ಟು ಬಿತ್ತು.

‘ಪರಂಪರೆ’ಯನ್ನೂ ನೋಡಿ ಬಳಸಬೇಕು. ಗುರುಪರಂಪರೆ ಎನ್ನುವ ನಮಗೆ ಅದು ಎಡೆಬಿಡದ ಸಾಲು. ಅದು ಕಡಿಯುತ್ತದೆ, ನಿಲ್ಲುತ್ತದೆ, ಶೆಲ್ ಬಿದ್ದು ಒಡೆಯುವುದಿಲ್ಲ. ಹೇಗ್ ಒಪ್ಪಂದದ ಮಾತು ‘ಕಲ್ಚರಲ್ ಪ್ರಾಪರ್ಟಿ’. ಅದಕ್ಕೆ ‘ಸಾಂಸ್ಕೃತಿಕ ಸ್ವತ್ತು’ ಎಂದರೆ ಒಡೆದದ್ದು, ಕದ್ದದ್ದು, ಮರಳಿಸಿದ್ದು ಎಲ್ಲವೂ ಸಲೀಸಾಗಿ ಹೊಂದುತ್ತವೆ. ‘ಆಸ್ತಿ’ ಎಂದರೆ ಹೊಲಮನೆ, ಪಾಲುಪಟ್ಟಿ ಕಣ್ಣಮುಂದೆ ಬರುತ್ತವೆ.

ಕ್ರಿಯಾಪದದ ತೊಡಕು ಹೀಗೆ ತೀರಿತು, ನಾಮಪದದ್ದು ಉಳಿದಿದೆ. ‘ಪರಂಪರೆಯ ಅಸ್ತ್ರಪ್ರಯೋಗ’ ಎಂದರೆ ಹಿಂದಿನಿಂದ ಬಂದ ಬಿಲ್ಲುವಿದ್ಯೆ ಎಂದೂ ಓದಬಹುದು. ‘ಪರಂಪರಾಸ್ತ್ರ’ ಕಿವಿಗೆ ಒಗ್ಗುತ್ತದೆಯೇ? ಅಥವಾ ‘ಪರಂಪರೆಯನ್ನು ಅಸ್ತ್ರವಾಗಿಸುವಿಕೆ’ ಎಂಬ ಉದ್ದವನ್ನೇ ಸಹಿಸಿಕೊಳ್ಳೋಣವೇ? ಬೇರೆ ಪದ ಹೊಳೆದವರು ಒಂದು ವಾಕ್ಯದಲ್ಲಿ ಬಳಸಿ ತೋರಿಸಿ.