ಪದಚರ್ಚೆ: ವಂಶವಾಹಿಯ ‘ವೇರಿಯಂಟ್’ ರೂಪಾಂತರಿಯೋ, ಪಾಠಾಂತರವೋ?

ಮಾನ್ಯರೇ,

ಆಕರಕೋಶ (ರಕ್ತವನ್ನು ಹುಟ್ಟಿಸುವ ‘ಸ್ಟೆಮ್ ಸೆಲ್’) ಕಸಿಗೆ ಸಿದ್ಧರಾಗುತ್ತಿರುವ ರೋಗಿಗಳ ಮನೆಯವರಿಗಾಗಿ ಒಂದು ಕಿರುಹೊತ್ತಗೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಪದಗಳು ನನ್ನನ್ನು ವಾರದಿಂದ ಕಾಡುತ್ತಿವೆ.

ಮೊದಲನೆಯದು ‘ವೇರಿಯಂಟ್’, ಅಂದರೆ ಒಂದೇ ವಂಶವಾಹಿ (ಜೀನ್) ಬೇರೆ ಬೇರೆಯವರಲ್ಲಿ ತಾಳುವ ತುಸು ಬೇರೆಯಾದ ರೂಪ. ಕೋವಿಡ್ ದಿನಗಳಲ್ಲಿ ನಮ್ಮ ಪತ್ರಿಕೆಗಳು ಇದನ್ನು ‘ರೂಪಾಂತರಿ’ ಎಂದು ಕರೆದವು. ಡೆಲ್ಟಾ ರೂಪಾಂತರಿ, ಓಮಿಕ್ರಾನ್ ರೂಪಾಂತರಿ. ವೈರಾಣುವಿಗೆ ಆ ಹೆಸರು ಒಪ್ಪಿತು. ನಾನೂ ಮೊದಲ ಕರಡಿನಲ್ಲಿ ‘ದಾನಿಯ ವಂಶವಾಹಿಯಲ್ಲಿ ಈ ರೂಪಾಂತರಿ ಇದ್ದರೆ’ ಎಂದೇ ಬರೆದೆ. ಕರಡನ್ನು ಓದಿದ ತಾಯಿಯೊಬ್ಬರು, ತಂಗಿಗೆ ಕೋಶ ಕೊಡಲಿದ್ದ ತಮ್ಮ ಮಗನನ್ನು ನೆನೆದು, ‘ಹಾಗಾದರೆ ಇವನಲ್ಲೂ ಏನೋ ಕೆಟ್ಟಿದೆಯೇ?’ ಎಂದು ಕೇಳಿದರು. ಹುಡುಗ ಆರೋಗ್ಯವಾಗಿದ್ದಾನೆ. ಆ ಹೆದರಿಕೆಯನ್ನು ಹುಟ್ಟಿಸಿದ್ದು ನಾನು ಆರಿಸಿದ ಪದ.

ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆರನೆಯ ವರ್ಣತಂತುವಿನ (ಕ್ರೋಮೋಸೋಮ್) ಮೇಲೆ ಎಚ್‌ಎಲ್‌ಎ ಎಂಬ ವಂಶವಾಹಿಗಳ ಗುಂಪಿದೆ. ‘ನನ್ನದು’, ‘ಪರರದು’ ಎಂದು ರೋಗನಿರೋಧಕ ಕೋಶಗಳು ಗುರುತಿಸುವುದು ಬಹುಮಟ್ಟಿಗೆ ಇವುಗಳ ಮೂಲಕ. ಒಡಹುಟ್ಟಿದವರಲ್ಲಿಯೂ ಇವು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ಈ ಗುಂಪಿನ ಎಚ್‌ಎಲ್‌ಎ-ಬಿ ಎಂಬ ವಂಶವಾಹಿಯ ಆರಂಭದಲ್ಲಿ ಒಂದು ಜಾಗವಿದೆ. ಅಲ್ಲಿ ಕೆಲವು ಪ್ರತಿಗಳಲ್ಲಿ ಡಿಎನ್ಎ ಬರಹದ ‘ಟಿ’ ಅಕ್ಷರ, ಕೆಲವುಗಳಲ್ಲಿ ‘ಸಿ’. ಆ ಒಂದಕ್ಷರದಿಂದ ಪ್ರೊಟೀನಿನ ಮೊದಲ ತುಣುಕಿನಲ್ಲಿ ಮೆಥಿಯೋನಿನ್ ಎಂಬ ಅಮೈನೋ ಆಮ್ಲ ಬರುತ್ತದೆ, ಇಲ್ಲವೇ ಥ್ರಿಯೋನಿನ್. ಎರಡೂ ಆರೋಗ್ಯವಂತರಲ್ಲಿಯೇ ಇರುವಂಥವು. ಆದರೆ ಎಚ್‌ಎಲ್‌ಎ-ಬಿ ಒಂದರಲ್ಲಿ ಮಾತ್ರ ಹೊಂದದ, ರಕ್ತಸಂಬಂಧವಿಲ್ಲದ ದಾನಿ ಮತ್ತು ರೋಗಿಯ ನಡುವೆ ಕಸಿ ನಡೆದಾಗ, ಹೊಂದದ ಆ ಎರಡು ಪ್ರತಿಗಳಲ್ಲಿ ಈ ಅಕ್ಷರವಾದರೂ ಒಂದೇ ಆಗಿದ್ದರೆ ದಾನಿಯ ಕೋಶಗಳು ರೋಗಿಯ ಮೈಮೇಲೆ ತಿರುಗಿಬೀಳುವ ಅಪಾಯ ಕಡಿಮೆ. ಸಿಯಾಟಲ್‌ನ ಎಫಿ ಪೀಟರ್ಸ್‌ಡಾರ್ಫ್ ಮತ್ತು ಸಂಗಡಿಗರು 2020ರಲ್ಲಿ ಇದನ್ನು ತೋರಿಸಿದರು. ಸಾವು ಬದುಕಿನ ಪ್ರಶ್ನೆಯಲ್ಲಿ ಒಂದಕ್ಷರಕ್ಕೆ ಇಷ್ಟು ತೂಕ!

ಇಲ್ಲಿ ಯಾವುದು ಮೂಲ, ಯಾವುದು ರೂಪ ಬದಲಿಸಿದ್ದು ಎಂಬ ಮಾತಿಗೆ ಅರ್ಥವಿಲ್ಲ. ಹೀಗಿರುವಾಗ ನನಗೆ ಹೊಳೆದದ್ದು ‘ಪಾಠಾಂತರ’. ಓಲೆಗರಿಯ ಕಾವ್ಯವನ್ನು ಸಂಪಾದಿಸುವವರು ಒಂದು ಪ್ರತಿಯ ಓದನ್ನು ಮೇಲಿಟ್ಟು, ಮತ್ತೊಂದು ಪ್ರತಿಯದನ್ನು ಅಡಿಟಿಪ್ಪಣಿಯಲ್ಲಿ ಕಾಪಾಡುತ್ತಾರೆ. ಎಲ್ಲ ಪಾಠಾಂತರವೂ ಲಿಪಿಕಾರನ ತಪ್ಪಲ್ಲ. ಎರಡೂ ಓದಿಗೆ ಛಂದಸ್ಸು ಕೂಡಿ, ಅರ್ಥ ಹೊಂದುವುದುಂಟು. ವಂಶವಾಹಿಯೂ ತಲೆಮಾರಿನಿಂದ ತಲೆಮಾರಿಗೆ ನಕಲಾಗುತ್ತ ಬಂದ ಬರಹವೇ ತಾನೇ? ‘ಮಾರ್ಪಾಟು’ ಎಂದರೆ ಯಾರೋ ಬೇಕೆಂದು ಬದಲಿಸಿದಂತಾಗುತ್ತದೆ. ‘ಬಗೆ’ ಸರಳ, ಆದರೆ ‘ವಂಶವಾಹಿಯ ಬಗೆ’ ಎಂದಾಗ ಬೇರೊಂದು ವಂಶವಾಹಿ ಎಂದೇ ತೋರುತ್ತದೆ. ‘ರೂಪಭೇದ’ ನನ್ನ ಎರಡನೆಯ ಆಯ್ಕೆ.

ತೊಡಕೂ ಇದೆ. ನಾಡ್-2 ಎಂಬ ವಂಶವಾಹಿಯ ಕೆಲವು ವೇರಿಯಂಟ್‌ಗಳು ನಿಜಕ್ಕೂ ಕೆಲಸ ಕುಂದಿದವು. ಕರುಳಿನ ಕ್ರೋನ್ ಕಾಯಿಲೆಯೊಂದಿಗೆ ಅವುಗಳ ನಂಟು 2001ರಲ್ಲಿ ಗೊತ್ತಾಯಿತು. 2004ರಲ್ಲಿ ಜರ್ಮನಿಯ ರೇಗನ್ಸ್‌ಬರ್ಗಿನ ವೈದ್ಯರು, ರೋಗಿಯಲ್ಲಾಗಲಿ ದಾನಿಯಲ್ಲಾಗಲಿ ಅವು ಇದ್ದರೆ ಕಸಿಯ ನಂತರದ ಸಾವು ಹೆಚ್ಚು ಎಂದು ವರದಿ ಮಾಡಿದರು. ಇಂಥಲ್ಲಿ ‘ಪಾಠಾಂತರ’ ತೀರ ಮೆದುವಾಯಿತೇ? ‘ಅಪಪಾಠ’ (ತಪ್ಪು ಓದು) ಎನ್ನಬಹುದು, ಆದರೆ ಅವನ್ನು ಹೊತ್ತವರಲ್ಲಿ ಹೆಚ್ಚಿನವರು ಯಾವ ಕಾಯಿಲೆಯೂ ಇಲ್ಲದೆ ಬಾಳುತ್ತಾರೆ.

ಎರಡನೆಯ ಪದ, ದಾನಿಯ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೆ ಎರಗುವ ಕಾಯಿಲೆಯ ಹೆಸರು. ಇಂಗ್ಲಿಷಿನಲ್ಲಿ ಅದು ‘ಗ್ರಾಫ್ಟ್ ವರ್ಸಸ್ ಹೋಸ್ಟ್ ಡಿಸೀಸ್’; ‘ಗ್ರಾಫ್ಟ್’ ಎಂದರೆ ಕಸಿ, ‘ಹೋಸ್ಟ್’ (ಆತಿಥೇಯ) ಎಂದರೆ ಇಲ್ಲಿ ರೋಗಿಯ ದೇಹ. ನನಗೆ ಸಿಕ್ಕ ಹಳೆಯ ಅನುವಾದದಲ್ಲಿ ಅದು ‘ಕಸಿ ವಿರುದ್ಧ ಆತಿಥೇಯ ರೋಗ’. ಇಂಗ್ಲಿಷಿನ ಪದಕ್ರಮವನ್ನು ಹಾಗೆಯೇ ಇಟ್ಟದ್ದರಿಂದ ಅರ್ಥ ತಲೆಕೆಳಗಾಗಿದೆ. ‘ಆಸ್ಟ್ರೇಲಿಯಾ ವಿರುದ್ಧ ಭಾರತಕ್ಕೆ ಜಯ’ ಎನ್ನುವಾಗ ಎದುರಾಳಿಯ ಹೆಸರು ‘ವಿರುದ್ಧ’ಕ್ಕಿಂತ ಮೊದಲು ಬರುತ್ತದೆ. ಹಾಗೆ ಓದಿದರೆ ರೋಗಿಯ ದೇಹವೇ ಕಸಿಯನ್ನು ಎದುರಿಸಿದಂತಾಯಿತು. ಅದು ಕಸಿ ತಿರಸ್ಕಾರ, ಬೇರೆಯೇ ತೊಂದರೆ. ನಾನು ‘ಕಸಿದಾಳಿ ರೋಗ’ ಎಂದು ಬರೆದಿದ್ದೇನೆ. ಆನೆದಾಳಿ ಎಂದರೆ ಆನೆ ಮಾಡಿದ ದಾಳಿಯೆಂದು ಮಲೆನಾಡಿನ ಮಗುವಿಗೂ ಗೊತ್ತು. ಇನ್ನೊಂದು ಅನುಕೂಲವಿದೆ: ದಾನಿಯ ಕೋಶಗಳು ಅಳಿದುಳಿದ ರಕ್ತಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದೂ ಇಂಥದೇ ದಾಳಿಯಿಂದ. ಅದನ್ನು ‘ಕ್ಯಾನ್ಸರ್ ಮೇಲಿನ ಕಸಿದಾಳಿ’ ಎಂದರೆ, ವೈದ್ಯರು ಒಂದನ್ನು ತಡೆದು ಇನ್ನೊಂದನ್ನು ಏಕೆ ಉಳಿಸಲು ಹೆಣಗುತ್ತಾರೆ ಎಂಬುದು ಓದುಗರಿಗೆ ತಿಳಿಯುತ್ತದೆ.

‘ಪಾಠಾಂತರ’ವನ್ನು ಹಳಗನ್ನಡ ಓದದವರು, ಹೊಲಮನೆ ಬಿಟ್ಟು ಆಸ್ಪತ್ರೆಯ ಮೊಗಸಾಲೆಯಲ್ಲಿ ಕುಳಿತವರು, ವಿವರಣೆ ಇಲ್ಲದೆ ಹಿಡಿಯಬಲ್ಲರೇ? ನಿಮ್ಮ ಕಡೆ ಒಂದೇ ಹಾಡನ್ನು ಇಬ್ಬರು ಬೇರೆ ಬೇರೆಯಾಗಿ ಹಾಡಿದರೆ ಆ ವ್ಯತ್ಯಾಸಕ್ಕೆ ಹೆಸರೇನಾದರೂ ಇದೆಯೇ? ಇದ್ದರೆ ದಯವಿಟ್ಟು ಊರಿನ ಹೆಸರಿನೊಂದಿಗೆ ತಿಳಿಸಿ.